ರೋಗಿಯ ಕಾಗದ ರೋಗಿಗೂ ಕಾಣಲಿ

ಕಳೆದ ತಿಂಗಳು ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಪಿತ್ತಕೋಶದ ಶಸ್ತ್ರಚಿಕಿತ್ಸೆಗೆಂದು ನಗರದ ಆಸ್ಪತ್ರೆಯೊಂದಕ್ಕೆ ದಾಖಲಾಗಿದ್ದರು. ದೇವರ ದಯದಿಂದ ಎಲ್ಲವೂ ಸುಗಮವಾಗಿ ನೆರವೇರಿತು. ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ವೈದ್ಯರು ಬಂದು ಗಾಯವನ್ನು ನೋಡಿ, ಇನ್ನು ಮನೆಗೆ ಹೋಗಬಹುದೆಂದು ಹೇಳಿ ಹೋದರು. ಅವರ ಪತ್ನಿ ಬಟ್ಟೆಬರೆಗಳನ್ನು ಚೀಲಕ್ಕೆ ತುಂಬಿ, ಜಪಮಾಲೆಯನ್ನು ಕೈಗೆತ್ತಿಕೊಂಡು ಮಂಚದ ಅಂಚಿನಲ್ಲಿ ಕುಳಿತರು. ಜಪಸರ ಮುಗಿಯಿತು, ಮಧ್ಯಾಹ್ನದ ಊಟ ಮುಗಿಯಿತು, ಸಂಜೆಯ ಚಹಾ ಬಂದು ತಣ್ಣಗಾಯಿತು. ನಾವು ನೋಡಿ ಬರಲೆಂದು ಹೋದಾಗ ಐದು ಗಂಟೆ ಕಳೆದಿತ್ತು. ಗಂಡ ಹೆಂಡಿರಿಬ್ಬರೂ ಹೊರಟು ನಿಂತ ಪಯಣಿಗರಂತೆ ಕುಳಿತೇ ಇದ್ದರು.

ಕೆಳಗಿಳಿದು ವಿಮೆಯ ಮೇಜಿನ ಬಳಿ ವಿಚಾರಿಸಿದೆವು. ಅಲ್ಲಿದ್ದ ಹುಡುಗಿ ಸೌಜನ್ಯದಿಂದಲೇ, "ಫೈನಲ್ ಅಪ್ರೂವಲ್ ಬಂದಿಲ್ಲ ಅಂಕಲ್, ಟಿಪಿಎಯವರು ಕ್ವೆರಿ ಹಾಕಿದ್ದಾರೆ" ಎಂದಳು. ಏನು ಕ್ವೆರಿ ಎಂದು ಕೇಳಿದೆವು. "ಅದು ಡಾಕ್ಟರಿಗೆ ಹೋಗಿದೆ" ಎಂದಳು. ಆ ಪ್ರಶ್ನೆಯನ್ನು ನಾವೊಮ್ಮೆ ನೋಡಬಹುದೇ ಎಂದು ಕೇಳಿದಾಗ ಆಕೆಗೆ ಆಶ್ಚರ್ಯವಾಯಿತು. ಅಂತಹ ಬೇಡಿಕೆಯನ್ನು ಈವರೆಗೆ ಯಾರೂ ಮುಂದಿಟ್ಟಿರಲಿಲ್ಲವೆಂದು ತೋರುತ್ತದೆ.

ಕೊನೆಗೆ ಮಸ್ಕತ್ತಿನಲ್ಲಿರುವ ಮಗ ಅಲ್ಲಿಂದಲೇ ವಿಮಾ ಕಂಪೆನಿಯ ಗ್ರಾಹಕ ಸೇವೆಗೆ ದೂರವಾಣಿ ಮಾಡಿ ವಿಷಯ ತಿಳಿದುಕೊಂಡರು. ಕೇಳಿದ್ದ ಪ್ರಶ್ನೆ ಒಂದೇ: ರೋಗಿಗೆ ರಕ್ತದೊತ್ತಡ ಯಾವ ವರ್ಷದಿಂದ ಇದೆ? ಉತ್ತರ ಎಲ್ಲಿತ್ತು ಗೊತ್ತೇ? ಮೂರನೆಯ ಮಾಳಿಗೆಯಲ್ಲಿ, ಆ ತಾಯಿಯ ಚೀಲದಲ್ಲಿ. ಊರಿನ ವೈದ್ಯರು ಮೊದಲ ಬಾರಿಗೆ ಮಾತ್ರೆ ಬರೆದುಕೊಟ್ಟ ಚೀಟಿಯನ್ನು ತಾರೀಖಿನ ಸಮೇತ ಆಕೆ ಜೋಪಾನವಾಗಿ ಇಟ್ಟುಕೊಂಡಿದ್ದರು. ಯಾರಾದರೂ ಒಮ್ಮೆ ಕೇಳಿದ್ದರೆ ಎರಡು ನಿಮಿಷದಲ್ಲಿ ತೆಗೆದುಕೊಡುತ್ತಿದ್ದರು. ಯಾರೂ ಕೇಳಲಿಲ್ಲ. ಅವರು ಆಸ್ಪತ್ರೆಯಿಂದ ಹೊರಬಿದ್ದಾಗ ರಾತ್ರಿ ಎಂಟೂವರೆ ಗಂಟೆ. ಆ ದಿನದ ಕೊಠಡಿಯ ಬಾಡಿಗೆಯನ್ನೂ ಅವರೇ ತೆತ್ತರು.

ಇದರಲ್ಲಿ ಯಾರೂ ಕಡುಪಾಪಿಗಳಲ್ಲ. ಆಸ್ಪತ್ರೆ ಒಳ್ಳೆಯ ಆಸ್ಪತ್ರೆಯೇ. ವಿಮಾ ಕಂಪೆನಿ ಕೊನೆಗೆ ಹಣವನ್ನೂ ಕೊಟ್ಟಿತು. ಹಾಗಿದ್ದೂ ಎಪ್ಪತ್ತು ದಾಟಿದ ಮನುಷ್ಯನೊಬ್ಬನನ್ನು, ಅವನ ದೇಹದ ಕುರಿತಾದ ಒಂದು ಪ್ರಶ್ನೆಯನ್ನು ಅವನಿಗೇ ತೋರಿಸದೆ, ಇಡೀ ಹಗಲು ಕೂರಿಸಲಾಯಿತು. ವಿಮೆಯ ಪೂರ್ವಾನುಮತಿ ಎಂಬ ವ್ಯವಸ್ಥೆಯಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಹಣದ ಕಡಿತಕ್ಕಿಂತಲೂ ಈ ಕತ್ತಲೆ. ಈ ವಾರ ಅದರ ಬಗ್ಗೆಯೇ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ನಮ್ಮ ದೇಶದಲ್ಲಿ ಮೆಡಿಕ್ಲೈಮ್ ಎಂಬ ಹೆಸರಿನ ಆರೋಗ್ಯ ವಿಮೆ ಆರಂಭವಾದದ್ದು 1986ರಲ್ಲಿ, ಸರಕಾರಿ ಸ್ವಾಮ್ಯದ ಸಾಮಾನ್ಯ ವಿಮಾ ಕಂಪೆನಿಗಳ ಮೂಲಕ. ಆಗ ರೋಗಿ ಮೊದಲು ತಾನೇ ಹಣ ಹೊಂದಿಸಿ ಕಟ್ಟಬೇಕಿತ್ತು; ಬಿಲ್ಲುಗಳ ಕಟ್ಟನ್ನು ಕೊಟ್ಟು ತಿಂಗಳುಗಟ್ಟಲೆ ಕಾಯಬೇಕಿತ್ತು. 2001ರಲ್ಲಿ ಟಿಪಿಎ, ಅಂದರೆ ವಿಮಾ ಕಂಪೆನಿಗೂ ಆಸ್ಪತ್ರೆಗೂ ನಡುವೆ ನಿಂತು ಕಾಗದಪತ್ರ ನೋಡಿಕೊಳ್ಳುವ ಸಂಸ್ಥೆಗಳಿಗೆ ನಿಯಮಗಳು ಬಂದವು. ನಗದುರಹಿತ ಚಿಕಿತ್ಸೆ ಕ್ರಮೇಣ ಸಾಮಾನ್ಯವಾಯಿತು. ಚಿನ್ನ ಅಡವಿಡದೆ ಆಸ್ಪತ್ರೆ ಸೇರಬಹುದೆಂಬುದು ಮಧ್ಯಮ ವರ್ಗದ ಕುಟುಂಬಗಳಿಗೆ ದೊಡ್ಡ ನೆಮ್ಮದಿಯೇ ಸರಿ. ಆದರೆ ಮುಂಗಡ ಹಣ ಕಟ್ಟುವ ಕಷ್ಟ ಹೋದಲ್ಲಿ ಮುಂಗಡ ಅನುಮತಿ ಕಾಯುವ ಕಷ್ಟ ಬಂದು ಕುಳಿತಿತು. ದಾಖಲಾಗುವಾಗ ಆಸ್ಪತ್ರೆಯು ರೋಗದ ವಿವರ ಮತ್ತು ಅಂದಾಜು ವೆಚ್ಚವನ್ನು ಬರೆದು ಕಳುಹಿಸಬೇಕು. ಟಿಪಿಎ ಅಥವಾ ಕಂಪೆನಿಯು ಇಷ್ಟು ಮೊತ್ತಕ್ಕೆ ಒಪ್ಪಿಗೆ ಎಂದು ತಿಳಿಸಬೇಕು. ಮನೆಗೆ ಹೊರಡುವ ದಿನ ಅಂತಿಮ ಬಿಲ್ಲಿಗೆ ಮತ್ತೊಮ್ಮೆ ಒಪ್ಪಿಗೆ ಬರಬೇಕು. ಯೋಜಿತ ಶಸ್ತ್ರಚಿಕಿತ್ಸೆಯಾದರೆ ಮೊದಲೇ ತಿಳಿಸಿ ಅನುಮತಿ ಪಡೆಯಬಹುದು. ತುರ್ತು ಸಂದರ್ಭದಲ್ಲಿ ಸೇರಿದ ಮೇಲೆ ತಿಳಿಸಿದರೂ ನಡೆಯುತ್ತದೆ.

ಅನುಮತಿ ಕೇಳುವುದೇ ತಪ್ಪೆಂದು ನಾವು ಹೇಳುವುದಿಲ್ಲ. ವಿಮೆಯಿದೆಯೆಂದು ತಿಳಿದೊಡನೆ ಬಿಲ್ಲು ಉಬ್ಬುವುದನ್ನು ನಾವೆಲ್ಲ ಕಂಡಿದ್ದೇವೆ. ಹಲವು ಮಂದಿಯ ಪ್ರೀಮಿಯಂ ಒಂದೇ ಹುಂಡಿಗೆ ಬೀಳುವ ಕಾಣಿಕೆಯಂತೆ. ಹುಂಡಿಗೆ ಕಾವಲು ಬೇಕು. ಆದರೆ ಕಾವಲಿನವನು ಕಾಣಿಕೆ ಹಾಕಿದವನಿಗೇ ಬಾಗಿಲು ಹಾಕಬಾರದಷ್ಟೆ.

ಸಂತೋಷದ ಸಂಗತಿಯೆಂದರೆ, ಕಾನೂನು ಈಗ ರೋಗಿಯ ಪರವಾಗಿ ಸಾಕಷ್ಟು ಮುಂದೆ ಬಂದಿದೆ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2024ರ ಮೇ 29ರಂದು ಆರೋಗ್ಯ ವಿಮೆಯ ಕುರಿತು ಒಂದು ಮಾಸ್ಟರ್ ಸುತ್ತೋಲೆಯನ್ನು ಹೊರಡಿಸಿದೆ. ಅದರ ಪ್ರಕಾರ, ನಗದುರಹಿತ ಚಿಕಿತ್ಸೆಯ ಕೋರಿಕೆ ತಲಪಿದ ಮೇಲೆ ಕಂಪೆನಿಯು ತಡಮಾಡದೆ, ಹೆಚ್ಚೆಂದರೆ 1 ಗಂಟೆಯೊಳಗೆ ತನ್ನ ನಿರ್ಧಾರ ತಿಳಿಸಬೇಕು. ಬಿಡುಗಡೆಯ ಕೋರಿಕೆ ಆಸ್ಪತ್ರೆಯಿಂದ ಬಂದ 3 ಗಂಟೆಯೊಳಗೆ ಅಂತಿಮ ಒಪ್ಪಿಗೆ ನೀಡಬೇಕು. ಅದಕ್ಕಿಂತ ತಡವಾಗಿ, ಆ ತಡದಿಂದಾಗಿ ಆಸ್ಪತ್ರೆ ಹೆಚ್ಚು ಹಣ ವಿಧಿಸಿದರೆ ಅದನ್ನು ಕಂಪೆನಿಯೇ ತನ್ನ ಷೇರುದಾರರ ನಿಧಿಯಿಂದ ಭರಿಸಬೇಕು. ಚಿಕಿತ್ಸೆಯ ವೇಳೆ ರೋಗಿ ತೀರಿಕೊಂಡರೆ ಪಾರ್ಥಿವ ಶರೀರವನ್ನು ಕೂಡಲೇ ಬಿಟ್ಟುಕೊಡುವಂತೆ ಕಂಪೆನಿಯು ಕ್ರಮ ಕೈಗೊಳ್ಳಬೇಕು. ಇದನ್ನು ಓದಿದಾಗ ನಮ್ಮ ಮನಸ್ಸು ತುಸು ಕಲಕಿತು. ಇಂತಹ ವಾಕ್ಯವನ್ನು ಬರೆದಿಡಬೇಕಾಗಿ ಬಂತಲ್ಲ ಎಂದು. ಕ್ಲೈಮನ್ನು ತಿರಸ್ಕರಿಸಬೇಕಾದರೆ ಕಂಪೆನಿಯ ಪರಿಶೀಲನಾ ಸಮಿತಿಯ ಅನುಮೋದನೆ ಬೇಕು. ಪೂರ್ತಿ ತಿರಸ್ಕರಿಸಿದರೂ, ಭಾಗಶಃ ಕಡಿತ ಮಾಡಿದರೂ, ಪಾಲಿಸಿಯ ಯಾವ ಷರತ್ತಿನ ಮೇರೆಗೆ ಎಂಬುದನ್ನು ರೋಗಿಗೆ ವಿವರವಾಗಿ ತಿಳಿಸಬೇಕು.

ಹಾಗಾದರೆ ನಮ್ಮ ಹಿರಿಯರು ಹತ್ತೂವರೆ ತಾಸು ಕುಳಿತದ್ದು ಹೇಗೆ? ಇಲ್ಲಿಯೇ ಸೂಕ್ಷ್ಮವಿರುವುದು. ಮೂರು ಗಂಟೆಯ ಲೆಕ್ಕ ಶುರುವಾಗುವುದು ವೈದ್ಯರು "ಮನೆಗೆ ಹೋಗಿ" ಎಂದ ಗಳಿಗೆಯಿಂದಲ್ಲ. ಆಸ್ಪತ್ರೆಯ ಕೋರಿಕೆ ಕಂಪೆನಿಗೆ ಮುಟ್ಟಿದ ಗಳಿಗೆಯಿಂದ. ಅದಕ್ಕೆ ಮುಂಚೆ ಬಿಡುಗಡೆಯ ಸಾರಾಂಶ ಟೈಪಾಗಬೇಕು, ಔಷಧದ ಅಂಗಡಿಯ ಲೆಕ್ಕ ಮುಗಿಯಬೇಕು, ಪ್ರಯೋಗಾಲಯದ ಬಿಲ್ಲು ಸೇರಬೇಕು. ನಮ್ಮ ಹಿರಿಯರ ಬಿಲ್ಲು ಹೊರಟದ್ದು ಮಧ್ಯಾಹ್ನ 1.40ಕ್ಕೆ ಎಂದು ಕಂಪೆನಿಯವರು ಮಗನಿಗೆ ಹೇಳಿದರು. 2.25ಕ್ಕೆ ಕಂಪೆನಿಯ ಪ್ರಶ್ನೆ ಬಂತು. ವೈದ್ಯರು ಅಷ್ಟರಲ್ಲಿ ಮನೆಗೆ ಹೋಗಿದ್ದರು. ಉತ್ತರ ಹೋದದ್ದು ಆರು ಗಂಟೆಯ ಸುಮಾರಿಗೆ. ಕಂಪೆನಿಯನ್ನು ಕೇಳಿದರೆ ನಾವು ಮುಕ್ಕಾಲು ತಾಸಿನಲ್ಲೇ ಕಾಗದ ನೋಡಿದೆವು ಎನ್ನುತ್ತದೆ. ಆಸ್ಪತ್ರೆಯನ್ನು ಕೇಳಿದರೆ ಟಿಪಿಎಯವರದೇ ತಡ ಎನ್ನುತ್ತದೆ. ಎರಡೂ ಮಾತುಗಳು ತಮ್ಮ ತಮ್ಮ ಮಟ್ಟಿಗೆ ನಿಜವೇ. ಹಾಸಿಗೆಯ ಮೇಲೆ ಕುಳಿತವನ ಕೈಯಲ್ಲಿ ಮಾತ್ರ ಯಾವ ಲೆಕ್ಕವೂ ಇಲ್ಲ. ಗಡಿಯಾರ ಯಾವಾಗ ಶುರುವಾಯಿತೆಂದು ತಿಳಿಯದವನು ಅದು ಮೀರಿತೆಂದು ಯಾರ ಬಳಿ ದೂರಲಿ? ಸುತ್ತೋಲೆಯು ಕೊಟ್ಟ ಹಕ್ಕು ಹೀಗೆ ಅವನ ಕೈಗೆ ಬಾರದೆ ಕೆಳಗಿನ ಮಾಳಿಗೆಯ ಕಂಪ್ಯೂಟರಿನಲ್ಲೇ ಉಳಿದುಬಿಡುತ್ತದೆ.

ಇನ್ನೂ ಒಂದು ಮಾತಿದೆ. ದಾಖಲಾದ ದಿನ ಸಹಿ ಹಾಕಿದ ನಮೂನೆಯಲ್ಲಿಯೇ ಹಳೆಯ ಕಾಯಿಲೆಗಳ ಪಟ್ಟಿಯಿರುತ್ತದೆ: ಸಕ್ಕರೆ ಕಾಯಿಲೆ, ಹೃದ್ರೋಗ, ರಕ್ತದೊತ್ತಡ ಇತ್ಯಾದಿ, ಯಾವ ತಿಂಗಳು, ಯಾವ ವರ್ಷದಿಂದ ಎಂಬುದಕ್ಕೂ ಅಲ್ಲಿ ಜಾಗವಿದೆ. ಆ ಹಿರಿಯರು ಸಹಿ ಹಾಕುವಾಗ ಆ ಜಾಗ ಖಾಲಿಯಿತ್ತು. ಹೊಟ್ಟೆ ಹಿಡಿದುಕೊಂಡು ನರಳುವವನು ನಮೂನೆ ಓದುವುದಿಲ್ಲ, ನಿಜ. ಅವನ ಪರವಾಗಿ ಬಂದವರಾದರೂ ಓದಬಹುದಿತ್ತಲ್ಲ. ಆ ಒಂದು ಖಾಲಿ ಜಾಗವೇ ಶನಿವಾರದ ಮಧ್ಯಾಹ್ನ ಪ್ರಶ್ನೆಯಾಗಿ ಮರಳಿ ಬಂತು.

ಆದುದರಿಂದ ನಮ್ಮ ಬೇಡಿಕೆ ತೀರ ಸಣ್ಣದು. ಕಂಪೆನಿಗೆ ಹೋಗುವ ಪೂರ್ವಾನುಮತಿ ನಮೂನೆಯ ಒಂದು ಪ್ರತಿ ರೋಗಿಗೆ ಸಿಗಲಿ. ಬಂದ ಪ್ರಶ್ನೆ ಬಂದ ಹಾಗೆಯೇ ಅವನಿಗೆ ತೋರಲಿ. ಕೋರಿಕೆ ಎಷ್ಟು ಗಂಟೆಗೆ ಹೋಯಿತು, ಪ್ರಶ್ನೆ ಎಷ್ಟು ಗಂಟೆಗೆ ಬಂತು, ಉತ್ತರ ಯಾವಾಗ ಹೋಯಿತು, ಒಪ್ಪಿಗೆ ಯಾವಾಗ ಬಂತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಡಲಿ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಹುದ್ದೆಯೂ ಬೇಡ. ಸಮಯವೆಲ್ಲ ಆ ಮಿಂಚಂಚೆಗಳಲ್ಲಿ ತಾನಾಗಿಯೇ ದಾಖಲಾಗಿರುತ್ತದೆ.

ಈ ಬೇಡಿಕೆಯನ್ನು ನಾವು ಮೊದಲು ಮುಂದಿಡಬೇಕಾದದ್ದು ದಿಲ್ಲಿಯ ಸರಕಾರದ ಮುಂದೆಯೂ ಅಲ್ಲ, ಹೈದರಾಬಾದಿನಲ್ಲಿರುವ ಪ್ರಾಧಿಕಾರದ ಮುಂದೆಯೂ ಅಲ್ಲ. ನಮ್ಮವೇ ಆಸ್ಪತ್ರೆಗಳ ಮುಂದೆ. ಮಂಗಳೂರಿನಲ್ಲಿ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಬಡವರಿಗೆ ಔಷಧ ಕೊಡಲು ತೊಡಗಿದಂದಿನಿಂದ ಈ ಕರಾವಳಿಯಲ್ಲಿ ರೋಗಿಗಳ ಸೇವೆ ಧರ್ಮಸಭೆಯ ಕಾಯಕಗಳಲ್ಲೊಂದಾಗಿದೆ. ಆಸ್ಟ್ರೇಲಿಯಾದಿಂದ ಬಂದು ಗುಂಟೂರಿನಲ್ಲಿ ಸೇವೆಗೈದ ವೈದ್ಯೆ, ಧರ್ಮಭಗಿನಿ ಮೇರಿ ಗ್ಲೌರಿಯವರು 1943ರಲ್ಲಿ ಕಥೋಲಿಕ ಆಸ್ಪತ್ರೆಗಳನ್ನು ಒಂದು ಸಂಘಟನೆಯಡಿ ತಂದರು. ದೇಶದ ಉದ್ದಗಲಕ್ಕೂ ಇಂದು ಆ ಬಳಗದ ಆಸ್ಪತ್ರೆ, ಔಷಧಾಲಯಗಳಿವೆ. ಅವುಗಳ ವಿಮಾ ಮೇಜುಗಳಲ್ಲಿ ಕುಳಿತವರು ನಮ್ಮ ಮಕ್ಕಳು. ಆಡಳಿತ ಮಂಡಳಿಗಳಲ್ಲಿ ಕುಳಿತವರು ನಮ್ಮ ಗುರುಗಳು ಮತ್ತು ಭಗಿನಿಯರು. ಯಾವ ಸುತ್ತೋಲೆಗೂ ಕಾಯದೆ ನಾಳೆಯಿಂದಲೇ ಈ ಚೀಟಿಯನ್ನು ಕೊಡಲು ಅವರಿಗೆ ಯಾವ ಅಡ್ಡಿಯೂ ಇಲ್ಲ. ಹೇಳಿದ ಘಟನೆ ನಡೆದದ್ದು ನಮ್ಮ ಸಂಸ್ಥೆಯಲ್ಲಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು, ತಮ್ಮ ಆಸ್ಪತ್ರೆಯಲ್ಲಿ ರೋಗಿಗೆ ಆ ಪ್ರಶ್ನೆಯ ಕಾಗದ ಸಿಗುತ್ತದೆಯೇ ಎಂದು ಒಮ್ಮೆ ವಿಚಾರಿಸಿ ನೋಡಲಿ.

ಸಂತ ಲೂಕರ ಶುಭಸಂದೇಶದ ಸದಯ ಸಮಾರಿಯದವನ ಸಾಮತಿಯನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಪ್ರವಚನಗಳಲ್ಲಿ ಯಾಜಕನ ಮತ್ತು ಲೇವಿಯನ ಕಾಠಿಣ್ಯ, ಸಮಾರಿಯದವನ ಕರುಣೆ ಇವುಗಳದ್ದೇ ಮಾತು. ಛತ್ರದವನನ್ನು ಯಾರೂ ಗಮನಿಸುವುದಿಲ್ಲ. ಎರಡು ಬೆಳ್ಳಿ ನಾಣ್ಯಗಳನ್ನು ಕೈಯಲ್ಲಿ ಹಿಡಿದು, ಹೆಚ್ಚಾದದ್ದನ್ನು ಮರಳಿ ಬರುವಾಗ ತೀರಿಸುವೆನೆಂಬ ಅಪರಿಚಿತನ ಮಾತನ್ನು ನಂಬಿ, ಗಾಯಾಳುವನ್ನು ಒಳಗೆ ಸೇರಿಸಿಕೊಂಡವನು ಅವನು. ಅಂದಿನ ಆ ಏರ್ಪಾಡು ಮೂವರಿಗೂ ತಿಳಿದಂತೆ ಬಹಿರಂಗವಾಗಿ ನಡೆಯಿತು: ಎಷ್ಟು ಕೊಟ್ಟಿದೆ, ಯಾರು ಕೊಡುತ್ತಾರೆ, ಉಳಿದದ್ದು ಯಾವಾಗ ಎಂಬುದರಲ್ಲಿ ಗೂಢವೇನೂ ಇರಲಿಲ್ಲ. ನಮ್ಮ ಆಸ್ಪತ್ರೆಗಳು ಸಮಾರಿಯದವನಾಗುವ ಮುನ್ನ ಆ ಛತ್ರದವನಷ್ಟು ಆದರೂ ಸಾಕೆಂದು ನಮಗೆ ಅನಿಸುತ್ತದೆ.

ಇನ್ನು ನಮ್ಮ ಕುಟುಂಬಗಳ ಕಡೆಗೂ ಬರೋಣ, ಏಕೆಂದರೆ ತಪ್ಪು ಒಂದೇ ಕಡೆಯಿಲ್ಲ. ಮಕ್ಕಳು ಕೊಲ್ಲಿ ರಾಷ್ಟ್ರಗಳಿಂದಲೋ ಬೆಂಗಳೂರಿನಿಂದಲೋ ಮೊಬೈಲಿನಲ್ಲೇ ತಂದೆತಾಯಿಗಳಿಗೆ ಪಾಲಿಸಿ ಮಾಡಿಸುತ್ತಾರೆ. ಒಳ್ಳೆಯದೇ. ಆದರೆ ಪಾಲಿಸಿ ಇರುವುದು ಮಗನ ಮಿಂಚಂಚೆಯಲ್ಲಿ. ಅಪ್ಪನಿಗೆ ಕಂಪೆನಿಯ ಹೆಸರೂ ನೆನಪಿಲ್ಲ. ಅರ್ಜಿ ತುಂಬುವಾಗ ಸಕ್ಕರೆ ಕಾಯಿಲೆಯನ್ನು ಬರೆದರೆ ಪ್ರೀಮಿಯಂ ಹೆಚ್ಚಾಗುತ್ತದೆಂದು ಏಜೆಂಟರು ಹೇಳಿದಾಗ ನಾವು ತಲೆದೂಗಿ ಬಿಡುತ್ತೇವೆ. ಪಾಪನಿವೇದನೆಗೆ ಹೋಗುವವರೂ ಇದನ್ನು ಪಾಪವೆಂದು ಎಣಿಸುವುದಿಲ್ಲ! ಮುಂದೆ ಹಾಸಿಗೆ ಹಿಡಿದಾಗ ಆ ಮರೆಮಾಚಿದ ಸಂಗತಿಯೇ ಕ್ಲೈಮಿನ ಕೊರಳಿಗೆ ಸುತ್ತಿಕೊಳ್ಳುತ್ತದೆ. ಮುಂಚೆಯೇ ಹೇಳಿಕೊಂಡ ಕಾಯಿಲೆಗೆ ಕಾಯಬೇಕಾದ ಅವಧಿ 2024ರ ಬದಲಾವಣೆಯ ನಂತರ ಹೆಚ್ಚೆಂದರೆ 36 ತಿಂಗಳು. ಮೊದಲು ಅದು 48 ತಿಂಗಳಿತ್ತು. 60 ತಿಂಗಳು ಎಡೆಬಿಡದೆ ನಡೆದ ಪಾಲಿಸಿಯನ್ನು, ವಂಚನೆಯೆಂದು ಸಿದ್ಧಪಡಿಸಿದ ಹೊರತು, ವಿವರ ಮುಚ್ಚಿಟ್ಟರೆಂಬ ಕಾರಣಕ್ಕೆ ಪ್ರಶ್ನಿಸುವಂತಿಲ್ಲ. ಮೂರು ವರ್ಷ ಕಾಯುವ ತಾಳ್ಮೆಯಿಲ್ಲದೆ ಸುಳ್ಳು ಬರೆಯುವುದು ಲೆಕ್ಕದ ದೃಷ್ಟಿಯಿಂದಲೂ ನಷ್ಟವೇ.

ಕೊಠಡಿಯ ಬಾಡಿಗೆಯ ವಿಷಯದಲ್ಲಿ ಆಗುವ ನಷ್ಟವಂತೂ ಬಹುಮಂದಿಗೆ ಬಿಲ್ಲು ಕೈಗೆ ಬರುವ ತನಕ ತಿಳಿಯುವುದೇ ಇಲ್ಲ. ಪಾಲಿಸಿಯಲ್ಲಿ ದಿನಕ್ಕೆ 5,000 ರೂಪಾಯಿಯ ಕೊಠಡಿ ಎಂದಿದ್ದು, ನಾವು 8,000 ರೂಪಾಯಿಯ ಕೊಠಡಿ ಹಿಡಿದರೆ, ಕೈಯಿಂದ ಹೋಗುವುದು ದಿನಕ್ಕೆ 3,000 ಮಾತ್ರವೆಂದು ಎಲ್ಲರೂ ತಿಳಿಯುತ್ತಾರೆ. ಅನೇಕ ಪಾಲಿಸಿಗಳಲ್ಲಿ ಹಾಗಲ್ಲ. ಕೊಠಡಿಯ ದರ್ಜೆಯೊಂದಿಗೆ ಏರುವ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಮುಂತಾದವುಗಳನ್ನೂ ಅದೇ ಪ್ರಮಾಣದಲ್ಲಿ, ಎಂಟಕ್ಕೆ ಐದು ಪಾಲಿನಂತೆ, ಇಳಿಸುತ್ತಾರೆ. ಅಂತಹ ಶುಲ್ಕಗಳು 80,000 ರೂಪಾಯಿಯಾದರೆ ಕಂಪೆನಿಯಿಂದ ಬರುವುದು 50,000. ಉಳಿದ 30,000 ನಮ್ಮ ತಲೆಯ ಮೇಲೆ. ಹವಾನಿಯಂತ್ರಿತ ಕೊಠಡಿ ಖಾಲಿಯಿದೆ, ವಿಮೆ ಇದೆಯಲ್ಲ ಎಂದು ಆಸ್ಪತ್ರೆಯವರು ಹೇಳುವಾಗ ಈ ಲೆಕ್ಕವನ್ನೂ ಹೇಳಬೇಕು. ಹೇಳುವುದಿಲ್ಲವಾದರೆ ನಾವೇ ಕೇಳಬೇಕು. ಇಂತಹ ಮಿತಿಗಳನ್ನೆಲ್ಲ ಸರಳವಾಗಿ ಬರೆದ ಗ್ರಾಹಕ ಮಾಹಿತಿ ಪತ್ರವನ್ನು ಪಾಲಿಸಿಯೊಂದಿಗೆ ಕೊಡುವುದು ಕಡ್ಡಾಯ. ಬಯಸಿದವರಿಗೆ ಅದನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದೂ ಪ್ರಾಧಿಕಾರ ಹೇಳಿದೆ. ಕನ್ನಡದಲ್ಲಿ ಕೇಳಿ ಪಡೆದವರು ನಮಗಂತೂ ಈವರೆಗೆ ಒಬ್ಬರೂ ಸಿಕ್ಕಿಲ್ಲ.

ಪೂರ್ವಾನುಮತಿ ನಿರಾಕರಿಸಿದರು ಎಂಬ ಮಾತ್ರಕ್ಕೆ ಕ್ಲೈಮು ಸತ್ತಿತೆಂದು ತಿಳಿಯುವುದೂ ಒಂದು ತಪ್ಪು ಕಲ್ಪನೆ. ನಗದುರಹಿತ ಸೌಲಭ್ಯ ಸಿಗದಿದ್ದರೂ ಹಣ ಕಟ್ಟಿ, ಬಿಲ್ಲುಗಳನ್ನು ಇಟ್ಟುಕೊಂಡು, ಬಳಿಕ ಮರುಪಾವತಿ ಕೇಳಬಹುದು. ನಿರಾಕರಣೆಯನ್ನು ಮಾತ್ರ ಬಾಯಿಮಾತಿನಲ್ಲಿ ಸ್ವೀಕರಿಸಬಾರದು. ಕಾಗದದಲ್ಲಿ, ಷರತ್ತಿನ ಸಂಖ್ಯೆಯ ಸಮೇತ ಕೇಳಬೇಕು. ಮೊದಲು ಕಂಪೆನಿಯ ದೂರು ವಿಭಾಗಕ್ಕೆ ಬರೆಯಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ನಮ್ಮ ರಾಜ್ಯಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಅವರು ನೀಡಿದ ತೀರ್ಪನ್ನು ಕಂಪೆನಿಯು 30 ದಿನಗಳಲ್ಲಿ ಜಾರಿಗೊಳಿಸದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ಪಾಲಿಸಿದಾರನಿಗೆ ದಂಡ ತೆರಬೇಕೆಂದು 2024ರ ಅದೇ ಸುತ್ತೋಲೆ ವಿಧಿಸಿದೆ. ಹಲ್ಲಿರುವ ಕಾನೂನು ಇದು. ಆದರೆ ದೂರಿನೊಂದಿಗೆ ಲಗತ್ತಿಸಲು ಕಾಗದ ಬೇಡವೇ? ತಿರುಗಿ ಅದೇ ಮಾತಿಗೆ ಬಂದೆವು.

ವಿಮೆಯೇ ಇಲ್ಲದ, ಸರಕಾರದ ಆಯುಷ್ಮಾನ್ ಕಾರ್ಡನ್ನೇ ನಂಬಿದ ಕುಟುಂಬಗಳು ನಮ್ಮ ವಾಳೆಗಳಲ್ಲಿ ಹಲವಿವೆ. ಅಲ್ಲಿಯೂ ಪೂರ್ವಾನುಮತಿಯ ಕ್ರಮವಿದೆ. ಕೇಳುವ ಧೈರ್ಯ ಮಾತ್ರ ಅವರಿಗೆ ಇನ್ನೂ ಕಡಿಮೆ. ಉಚಿತವಾಗಿ ಕೊಡುವುದನ್ನು ಪ್ರಶ್ನಿಸುವುದು ಹೇಗೆಂಬ ಸಂಕೋಚ. ಮೇಲೆ ಹೇಳಿದ ಚೀಟಿ ಅವರ ಕೈಗೂ ಸಿಗಬೇಕು. ಹಣ ಕೊಟ್ಟು ವಿಮೆ ಕೊಂಡವನಿಗೊಂದು, ಕಾರ್ಡು ತಂದವನಿಗೊಂದು ಎಂಬ ಭೇದ ನಮ್ಮ ಆಸ್ಪತ್ರೆಗಳಲ್ಲಾದರೂ ಇರಕೂಡದು.

ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಧರ್ಮಸಭೆಯು ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. ಸಂತ ಎರಡನೆಯ ಜಾನ್ ಪಾಲ್ ಅವರು 1992ರಲ್ಲಿ ಇದನ್ನು ಸ್ಥಾಪಿಸಿದರು, 1993ರಿಂದ ಆಚರಣೆಯಲ್ಲಿದೆ. ಆ ದಿನ ನಮ್ಮ ಆಸ್ಪತ್ರೆಗಳಲ್ಲಿ ವಿಶೇಷ ಬಲಿಪೂಜೆ, ರೋಗಿಗಳಿಗೆ ಹಣ್ಣುಹಂಪಲು ವಿತರಣೆ ನಡೆಯುತ್ತದೆ. ಮುಂದಿನ ಸಲ ಹಣ್ಣಿನ ಜೊತೆಗೆ ವಿಮೆಯ ಮೇಜಿನ ಮೇಲೆ ಒಂದು ಫಲಕವನ್ನೂ ನೋಡಲು ನಾವು ಬಯಸುತ್ತೇವೆ: "ನಿಮ್ಮ ಪೂರ್ವಾನುಮತಿ ಕಾಗದಗಳ ಪ್ರತಿ ಇಲ್ಲಿ ದೊರೆಯುತ್ತದೆ." ಈ ಬಗ್ಗೆ ನಮ್ಮ ಧರ್ಮಕೇಂದ್ರದ ಪಾಲನಾ ಪರಿಷತ್ತು ಆಸ್ಪತ್ರೆಗಳ ಆಡಳಿತ ಮಂಡಳಿಗಳಿಗೆ ಮನವಿ ಬರೆಯಲು ನಿರ್ಧರಿಸಿದೆ. ಇತರ ಧರ್ಮಕೇಂದ್ರಗಳೂ ಕೈಜೋಡಿಸಿದರೆ ಮನವಿಗೆ ತೂಕ ಬಂದೀತು.

ಈ ನಡುವೆ ಸಂತ ವಿನ್ಸೆಂಟ್ ಪಾವ್ಲರ ಸಭೆಯ ಸದಸ್ಯರಿಬ್ಬರು, ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ, ಇನ್ನೊಬ್ಬರು ನಿವೃತ್ತ ದಾದಿ, ಬರುವ ಭಾನುವಾರ ಎರಡನೆಯ ಪೂಜೆಯ ನಂತರ ಚರ್ಚ್ ಸಭಾಭವನದಲ್ಲಿ ಕುಳಿತಿರುತ್ತಾರೆ. ಪಾಲಿಸಿ ಯಾರಲ್ಲಿದೆಯೋ ಅವರಿಂದ ತರಿಸಿಕೊಂಡು, ಕನ್ನಡಕವನ್ನೂ ಮರೆಯದೆ, ಬನ್ನಿ. ಕೊಠಡಿಯ ಮಿತಿ ಎಷ್ಟು, ಕಾಯುವ ಅವಧಿ ಎಷ್ಟು, ಟಿಪಿಎ ಯಾವುದು ಎಂಬುದನ್ನು ಅವರು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಡುತ್ತಾರೆ. ಆ ಹಾಳೆಯನ್ನು ಮನೆಯ ಮದ್ದಿನ ಡಬ್ಬಿಯಲ್ಲಿಡಿ. ಹಳೆಯ ಮಾತ್ರೆಚೀಟಿಗಳೂ ಅದರಲ್ಲೇ ಇರಲಿ. ನಮ್ಮ ಹಿರಿಯರ ಪತ್ನಿಯೂ ಅಂದು ಬರುವುದಾಗಿ ಹೇಳಿದ್ದಾರೆ, ಆ ಚೀಲದೊಂದಿಗೆ.